ಸಂಬಳವಿಲ್ಲದ ಮೋಟೆಲ್: ರೂಟ್ 66ರ ಒಂದು ಪ್ರಕರಣ

ಇದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ, ರೂಟ್ 66 ಎಂಬ ಹಳೇ ಹೆದ್ದಾರಿಯ ಮೇಲಿರುವ ಸಣ್ಣ ಊರೊಂದರ ಮೋಟೆಲ್ ಕತೆ. ಮೋಟೆಲ್ ಅಂದರೆ ಕಾರಿನಲ್ಲಿ ಬರುವವರು ರಾತ್ರಿ ತಂಗುವ ಸಣ್ಣ ಹೋಟೆಲ್. 16 ಕೋಣೆ, ಮುಂದೆ ಒಂದು ಆಫೀಸು, ಆಫೀಸಿನ ಹಿಂದೆ ಮಾಲೀಕರ ಮನೆ. ಅಷ್ಟೇ. ಊರು, ಮೋಟೆಲ್, ಮನೆಯವರು ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೋಣೆಗಳ ಸಂಖ್ಯೆ, ಬಾಡಿಗೆ, ಮನೆಯವರ ಕೆಲವು ಇಸವಿಗಳನ್ನು ತುಸು ಹಿಂದೆಮುಂದೆ ಮಾಡಿದ್ದೇನೆ. ರಸ್ತೆಯ ಇತಿಹಾಸದ ಇಸವಿಗಳು ಮಾತ್ರ ಇದ್ದ ಹಾಗೇ ಇವೆ.

ಇಂಥ ಮೋಟೆಲ್‌ಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಕತೆ ಹೇಳುತ್ತಾರೆ. ದೊಡ್ಡ ಹೆದ್ದಾರಿ ಬಂತು, ಹಳೇ ರಸ್ತೆ ಖಾಲಿಯಾಯಿತು, ಮೋಟೆಲ್ ಮುಚ್ಚಿತು. ಇಲ್ಲಿ ಅದು ಅರ್ಧ ನಿಜ. ಹೆದ್ದಾರಿ ಬಂದ ಮೇಲೂ ಈ ಮೋಟೆಲ್ ನಾಲ್ಕು ದಶಕ ಒಂದೇ ಮನೆತನದ ಕೈಯಲ್ಲಿತ್ತು. ಮುಳುಗುವ ಹಂತಕ್ಕೆ ಬಂದದ್ದು ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯದೆ ಬಿಟ್ಟ ಒಂದು ಖರ್ಚಿನಿಂದ.

ಹಿನ್ನೆಲೆ

ರೂಟ್ 66 ಶುರುವಾದದ್ದು 1926ರಲ್ಲಿ. ಶಿಕಾಗೊದಿಂದ ಕ್ಯಾಲಿಫೋರ್ನಿಯಾದ ಸಮುದ್ರದಂಡೆಯವರೆಗೆ ಸುಮಾರು 2,400 ಮೈಲಿ. 1938ರ ಹೊತ್ತಿಗೆ ಉದ್ದಕ್ಕೂ ಪಕ್ಕಾ ರಸ್ತೆಯಾಯಿತು. ಇನ್ನು ಮೂರು ವರ್ಷಕ್ಕೆ ರೈಲ್ವೆ ಮೆಕ್ಯಾನಿಕ್ ಒಬ್ಬ ತನ್ನ ಹೆಂಡತಿಯ ಜೊತೆ ಸೇರಿ ಈ ಮೋಟೆಲ್ ಕಟ್ಟಿದ. ಮೂರು ಕಡೆ ಕೋಣೆ, ನಡುವೆ ಅಂಗಳ, ಪ್ರತಿ ಕೋಣೆಯ ಪಕ್ಕಕ್ಕೆ ಕಾರು ನಿಲ್ಲಿಸಲು ಒಂದು ಗ್ಯಾರೇಜು. ಆಗ ಇದ್ದದ್ದು ಒಂಬತ್ತೇ ಕೋಣೆ.

ಕಟ್ಟಿ ಮುಗಿಸುವಷ್ಟರಲ್ಲಿ ಯುದ್ಧ. ಟೈರಿಗೂ ರೇಷನ್, ಪೆಟ್ರೋಲಿಗೂ ರೇಷನ್. ಆ ವರ್ಷಗಳನ್ನು ಹೇಗೋ ದೂಡಿದರು. 1946ರಿಂದ ಮುಂದೆ ಕಾರುಗಳ ಸಾಲು ನಿಲ್ಲಲೇ ಇಲ್ಲ. ಬೇಸಿಗೆಯಲ್ಲಿ ಸಂಜೆ ಐದಕ್ಕೆಲ್ಲ ಕೋಣೆ ಭರ್ತಿ. ಆಗ ಆ ದಂಪತಿ ಮಾಡಿದ ಕೆಲಸ ಈ ಕತೆಯ ಕೊನೆಯವರೆಗೂ ಬರುತ್ತದೆ: ಗ್ಯಾರೇಜುಗಳಲ್ಲಿ ಏಳಕ್ಕೆ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಕೋಣೆ ಮಾಡಿದರು. ಒಂಬತ್ತಿದ್ದದ್ದು ಹದಿನಾರಾಯಿತು. ಎಷ್ಟೋ ಮೋಟೆಲ್‌ಗಳು ಆಗ ಇದನ್ನೇ ಮಾಡಿದವು. ಕಾರುಗಳು ಉದ್ದವಾಗಿ ಹಳೇ ಗ್ಯಾರೇಜಿನೊಳಗೆ ಹಿಡಿಸುತ್ತಲೂ ಇರಲಿಲ್ಲ. ಆದರೆ ಹೊಸ ಕೋಣೆಗಳು ಇಕ್ಕಟ್ಟು. ಮಂಚದ ಆಚೆ ಬದಿಗೆ ಹೋಗಬೇಕಾದರೆ ಅಡ್ಡಲಾಗಿ ನಡೆಯಬೇಕು.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇಂಟರ್‌ಸ್ಟೇಟ್ ಎಂಬ ಹೊಸ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. ಅಂದಿನಿಂದಲೇ ಈ ಊರಿನವರಿಗೆ ಗೊತ್ತಿತ್ತು, ಬೈಪಾಸ್ ಬರುತ್ತದೆ ಅಂತ. ಯಾವಾಗ ಅನ್ನುವುದು ಮಾತ್ರ ಗೊತ್ತಿರಲಿಲ್ಲ. 1963ರಲ್ಲಿ ನ್ಯೂ ಮೆಕ್ಸಿಕೊ ಶಾಸನಸಭೆ ಊರವರ ಒಪ್ಪಿಗೆಯಿಲ್ಲದೆ ಬೈಪಾಸ್ ಮಾಡಬಾರದು ಎಂದು ಕಾನೂನನ್ನೇ ತಂದಿತು. ಹೆದ್ದಾರಿಯ ದುಡ್ಡು ನಿಲ್ಲಿಸುತ್ತೇವೆ ಅಂತ ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ಗದರಿಸಿದ ಮೇಲೆ ಕೆಲವೇ ವರ್ಷದಲ್ಲಿ ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಪೈಪೋಟಿಯ ಸ್ವರೂಪವೇ ಬದಲಾಗಿತ್ತು. ಒಂದೇ ಹೆಸರಿನಲ್ಲಿ ಊರೂರಿಗೆ ಹೋಟೆಲ್ ತೆರೆಯುವ ಚೈನ್‌ಗಳು ಬಂದಿದ್ದವು. ಹಾಲಿಡೇ ಇನ್ 1952ರಲ್ಲೇ ಮೆಂಫಿಸ್‌ನಲ್ಲಿ ಶುರುವಾಗಿತ್ತು. 1962ರಲ್ಲಿ ಬಂದ ಮೋಟೆಲ್ 6 ರಾತ್ರಿಗೆ ಆರೇ ಡಾಲರ್ ಅಂದಿತು. 1973ರ ತೈಲ ಬಿಕ್ಕಟ್ಟು ಬಂದಾಗ ದಂಪತಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಆಸಕ್ತಿ ಇರಲಿಲ್ಲ.

ಗೊತ್ತಿದ್ದೂ ಕೊಂಡವರು

1976ರಲ್ಲಿ ಕೊಂಡದ್ದು ಒಂದು ಗುಜರಾತಿ ಕುಟುಂಬ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಏಷ್ಯನ್ನರಲ್ಲಿ ಇವರೂ ಇದ್ದರು. ಇಂಗ್ಲೆಂಡಿನಲ್ಲಿ ಕೆಲ ಕಾಲ ಇದ್ದು ಅಮೆರಿಕಕ್ಕೆ ಬಂದವರು. ಗುಜರಾತಿಗಳಿಗೆ ಈ ದಾರಿ ಹೊಸದಲ್ಲ. 1940ರ ದಶಕದಲ್ಲಿ ಕಾಂಜಿಭಾಯಿ ದೇಸಾಯಿ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಹೋಟೆಲ್ ಹಿಡಿದು, ಹೊಸದಾಗಿ ಬಂದವರಿಗೆಲ್ಲ ಅದೇ ಬುದ್ಧಿ ಹೇಳುತ್ತಿದ್ದರು.

ಬ್ಯಾಂಕ್ ಸಾಲ ಕೊಡಲಿಲ್ಲ. ಹಳೇ ಮಾಲೀಕರೇ ಕಂತಿಗೆ ಒಪ್ಪಿದರು. ನ್ಯೂ ಮೆಕ್ಸಿಕೊದಲ್ಲಿ ಇದು ತೀರಾ ಸಾಮಾನ್ಯ. ಕೊಳ್ಳುವವರು ಸ್ವಲ್ಪ ಮುಂಗಡ ಕೊಡುತ್ತಾರೆ, ಆಸ್ತಿಪತ್ರ ಮೂರನೆಯವರ ಬಳಿ ಇರುತ್ತದೆ, ಕಡೆಯ ಕಂತು ಕಟ್ಟಿದ ಮೇಲೆ ಕೈಗೆ ಬರುತ್ತದೆ. ಇವರದು 15 ವರ್ಷದ ಕರಾರು. ಕಂತು ತಪ್ಪಿದರೆ ಕೊಟ್ಟದ್ದೂ ಹೋಯಿತು, ಮೋಟೆಲೂ ಹೋಯಿತು.

ಬೈಪಾಸ್ ವಿಷಯ ಅವರಿಂದ ಯಾರೂ ಮುಚ್ಚಿಡಲಿಲ್ಲ. ಬೆಲೆ ಅಷ್ಟು ಕಡಿಮೆ ಇದ್ದದ್ದೇ ಅದಕ್ಕೆ. ತಂದೆಯ ಲೆಕ್ಕ ಸರಳ. ವಾಸಕ್ಕೆ ಮನೆ ಬಾಡಿಗೆ ಉಳಿಯುತ್ತದೆ. ಅವರು, ಹೆಂಡತಿ, ಬಾವಮೈದ ಮೂವರೂ ದುಡಿಯುತ್ತಾರೆ. ಮಕ್ಕಳು ಶಾಲೆಯಿಂದ ಬಂದು ಕೈಜೋಡಿಸುತ್ತಾರೆ. ಹೊರಗಿನವರಿಗೆ ಒಂದು ಡಾಲರ್ ಸಂಬಳ ಕೊಡದಿದ್ದರೆ ಗಿರಾಕಿ ಅರ್ಧಕ್ಕೆ ಇಳಿದರೂ ಕಂತು ಕಟ್ಟಬಹುದು. ಆಗಿನ ಪರಿಸ್ಥಿತಿಯಲ್ಲಿ ಇದಕ್ಕಿಂತ ಒಳ್ಳೆಯ ಲೆಕ್ಕ ಇರಲಿಲ್ಲ ಅಂತಲೇ ನನಗನ್ನಿಸುತ್ತದೆ.

ಅದೇ ಬೀದಿಯ ಇನ್ನೊಂದು ಮೋಟೆಲ್ 'ಅಮೆರಿಕನ್ ಮಾಲೀಕತ್ವ' ಅಂತ ಬೋರ್ಡ್ ಹಾಕಿತು. ಆ ಕಾಲದಲ್ಲಿ ದೇಶದ ಹಲವೆಡೆ ಇಂಥ ಬೋರ್ಡ್ ಇತ್ತು. ವಿಮೆಗೂ ಅಲೆದಾಟ. ಇಂಥ ಅನುಭವಗಳೇ ಸೇರಿ 1989ರಲ್ಲಿ ಅಟ್ಲಾಂಟಾದಲ್ಲಿ ಭಾರತೀಯ ಮೂಲದ ಹೋಟೆಲ್ ಮಾಲೀಕರ ಸಂಘ ಹುಟ್ಟಿತು. ಈ ಕುಟುಂಬ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಅಥವಾ ಪುರುಸೊತ್ತಿರಲಿಲ್ಲ.

ಬೈಪಾಸ್, ಆಮೇಲೆ ವಾರದ ಬಾಡಿಗೆ

1980ರ ದಶಕದ ಆರಂಭದಲ್ಲಿ ಇಂಟರ್‌ಸ್ಟೇಟ್ 40 ಊರನ್ನು ಬಳಸಿಕೊಂಡು ಹೋಯಿತು. ಮೋಟೆಲ್‌ನಿಂದ ಹತ್ತಿರದ ಎಕ್ಸಿಟ್ ಎರಡು ಮೈಲಿ. ಹಳೇ ರಸ್ತೆಯಲ್ಲಿ ನಿಯಾನ್ ಬೋರ್ಡ್ ಕಂಡರೆ ಬ್ರೇಕ್ ಹಾಕುತ್ತಿದ್ದರು. ಹೊಸ ರಸ್ತೆಯಲ್ಲಿ ಯಾವ ಎಕ್ಸಿಟ್‌ನಲ್ಲಿ ಇಳಿಯಬೇಕೆಂದು ಮೊದಲೇ ತೀರ್ಮಾನಿಸಬೇಕು. ತೀರ್ಮಾನಿಸುವವರು ಗೊತ್ತಿರುವ ಚೈನ್ ಹೆಸರನ್ನೇ ನಂಬುತ್ತಾರೆ. 1985ರಲ್ಲಿ ರೂಟ್ 66 ಎಂಬ ಹೆದ್ದಾರಿಯನ್ನೇ ಪಟ್ಟಿಯಿಂದ ತೆಗೆದುಹಾಕಿದರು.

ಆಗ ರಾತ್ರಿಗೆ 16 ಡಾಲರ್. ಚಳಿಗಾಲದಲ್ಲಿ ಐದು ಕೋಣೆ ತುಂಬಿದರೆ ಹೆಚ್ಚು. ಅಂದರೆ ವಾರಕ್ಕೆ 560. ಹೆದ್ದಾರಿ ಕೆಲಸದವರು, ತೋಟಗಳ ಹಂಗಾಮಿ ಕೂಲಿಗಳು, ಮನೆ ಬಿಟ್ಟು ಬಂದವರು ವಾರಕ್ಕೆ 75 ಡಾಲರ್‌ನಂತೆ ಕೋಣೆ ಕೇಳುತ್ತಿದ್ದರು. ಹತ್ತು ಕೋಣೆ ಹಾಗೆ ಕೊಟ್ಟರೆ ವಾರಕ್ಕೆ 750, ಅದೂ ಗ್ಯಾರಂಟಿ.

ಕೆಲಸವೂ ಕಡಿಮೆ. ಈ ಕೆಲಸ ಎಂಥದ್ದು ಅಂತ ನೋಡದೆ ಆ ಆಸೆ ಅರ್ಥವಾಗುವುದಿಲ್ಲ. ರಾತ್ರಿಯ ಗಿರಾಕಿ ಬೆಳಗ್ಗೆ ಹೋದ ಕೂಡಲೇ ಕಿಟಕಿ ತೆರೆಯಬೇಕು. ಎರಡು ಮಂಚದ ನಾಲ್ಕು ಶೀಟು, ದಿಂಬಿನ ಕವರು, ಆರು ಟವೆಲ್ ಎಳೆದು ಗಂಟು ಕಟ್ಟಬೇಕು. ಬಚ್ಚಲು ಉಜ್ಜಬೇಕು, ಸಿಂಕಿನ ಕೂದಲು ತೆಗೆಯಬೇಕು, ಕಾರ್ಪೆಟ್ ಗುಡಿಸಬೇಕು. ಮರಳುಗಾಡಿನ ಧೂಳು ಬಾಗಿಲ ಕೆಳಗಿಂದ ದಿನಾ ಒಳಗೆ ಬರುತ್ತದೆ, ಕಿಟಕಿ ದಂಡೆ ಒರೆಸಬೇಕು. ತಾಯಿ ಒಂದು ಬದಿ, ಮಗಳು ಇನ್ನೊಂದು ಬದಿ ನಿಂತು ಶೀಟು ಎಳೆದರೆ ಮಂಚ ಬೇಗ ಮುಗಿಯುತ್ತದೆ. ಒಬ್ಬರೇ ಆದರೆ ಸುತ್ತ ಓಡಾಡಬೇಕು. ಆಮೇಲೆ ಒಗೆತ, ಒಣಗಿಸುವುದು, ಮಡಿಸುವುದು. ವಾರದ ಬಾಡಿಗೆಯ ಕೋಣೆಗೆ ಇದೆಲ್ಲ ವಾರಕ್ಕೊಮ್ಮೆ. ಬೆನ್ನು ನೋವಿನಲ್ಲೇ ದಿನ ಕಳೆಯುತ್ತಿದ್ದ ತಾಯಿಗೆ ಅದು ದೊಡ್ಡ ಬಿಡುಗಡೆ.

ಮೊದಲು ಚಳಿಗಾಲಕ್ಕೆ ಮಾತ್ರ ಅಂದರು. ಬೇಸಿಗೆ ಬಂದಾಗ ಖಾಲಿ ಮಾಡಿಸಲು ಮನಸ್ಸಾಗಲಿಲ್ಲ, ಸುಲಭವೂ ಆಗಿರಲಿಲ್ಲ. ಸುಮಾರು ಒಂದು ತಿಂಗಳು ದಾಟಿದರೆ ಗಿರಾಕಿ ಕಾನೂನಿನ ಕಣ್ಣಿಗೆ ಬಾಡಿಗೆದಾರನಾಗಿಬಿಡುವ ಭಯ ಅಮೆರಿಕದ ಮೋಟೆಲ್ ಮಾಲೀಕರಿಗೆ ಯಾವಾಗಲೂ ಇದೆ. ಅದಕ್ಕೆ ಕೆಲವರು ನಾಲ್ಕು ವಾರಕ್ಕೊಮ್ಮೆ ಜನರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎಬ್ಬಿಸುತ್ತಾರೆ. ಇವರೂ ಕೆಲಕಾಲ ಹಾಗೆ ಮಾಡಿದರು. ಮಕ್ಕಳಿರುವ ಮನೆಯವರನ್ನು ಗಂಟುಮೂಟೆ ಸಮೇತ ಏಳನೇ ಕೋಣೆಯಿಂದ ಹನ್ನೊಂದಕ್ಕೆ ಕಳಿಸುವುದು. ನೋಡುವವರಿಗೂ ಚೆನ್ನಾಗಿರುವುದಿಲ್ಲ, ಮಾಡುವವರಿಗೂ.

1990ರ ದಶಕದ ನಡುವಿಗೆ 13 ಕೋಣೆ ವಾರದ ಲೆಕ್ಕಕ್ಕೆ ಹೋಗಿದ್ದವು. ಅಂಗಳದಲ್ಲಿ ಚಕ್ರ ಬಿಚ್ಚಿದ ಕಾರು, ಬಾಗಿಲ ಮುಂದೆ ಮಾಂಸ ಸುಡುವ ಒಲೆ, ಮಕ್ಕಳ ಸೈಕಲ್ಲು. ಆ ಜನರಲ್ಲಿ ತಪ್ಪೇನಿಲ್ಲ. ಅವರ ಪಾಲಿಗೆ ಅದು ಮನೆ. ಆದರೆ ಸಂಜೆ ನಾಲ್ಕಕ್ಕೆ ದಾರಿಹೋಕರ ಕಾರು ಅಂಗಳಕ್ಕೆ ಬರುತ್ತಿತ್ತು, ನಿಧಾನವಾಗಿ ಒಂದು ಸುತ್ತು ಹಾಕುತ್ತಿತ್ತು, ಹಾಗೇ ಹೊರಗೆ ಹೋಗುತ್ತಿತ್ತು. ಉಳಿದ ಮೂರು ಕೋಣೆಗೂ ರಾತ್ರಿಯ ಗಿರಾಕಿ ಸಿಗದಂತಾಯಿತು. ಬೈಪಾಸ್ ಗಿರಾಕಿಗಳನ್ನು ಅರ್ಧ ಮಾಡಿತ್ತು, ಮಿಕ್ಕರ್ಧವನ್ನು ಇವರೇ ಓಡಿಸಿದ್ದರು.

ಹೊಸದಾಗಿ ಸೇರಿದ ಒಂದು ಸಾಲು

ಮಗಳು ಅಕೌಂಟಿಂಗ್ ಓದಿ, ಬೇರೆ ಊರಿನಲ್ಲಿ ಕೆಲಸ ಮಾಡಿ, 1998ರಲ್ಲಿ ತಾಯಿಯ ಆಪರೇಷನ್‌ಗೆಂದು ಬಂದವಳು ಪುಸ್ತಕಗಳನ್ನು ತೆಗೆದು ಕೂತಳು. ಹಿಂದಿನ ವರ್ಷದ ಲಾಭ 31,000 ಡಾಲರ್ ಅಂತಿತ್ತು. ಕರಾರಿನ ಕಂತು 1991ರಲ್ಲೇ ತೀರಿತ್ತು, ಸಾಲವಿಲ್ಲ. ತಂದೆಗೆ ಅದೇ ಹೆಮ್ಮೆ.

ಅವಳು ಮನೆಯವರ ಗಂಟೆಗಳನ್ನು ಬರೆದಳು. ರಾತ್ರಿ ಗಂಟೆ ಬಾರಿಸಿದರೆ ಏಳುವುದು, ಗುಡಿಸುವುದು, ಒಗೆಯುವುದು, ನಲ್ಲಿ ರಿಪೇರಿ, ಬಾಡಿಗೆ ವಸೂಲಿ ಎಲ್ಲ ಸೇರಿ ಮೂವರದು ವಾರಕ್ಕೆ ಕಡಿಮೆಯೆಂದರೂ 150 ಗಂಟೆ. ಆಗ ದೇಶದ ಕನಿಷ್ಠ ವೇತನ ಗಂಟೆಗೆ 5.15 ಡಾಲರ್. ವರ್ಷಕ್ಕೆ ಲೆಕ್ಕ ಹಾಕಿದರೆ 40,000 ದಾಟಿತು. ಅಂದರೆ ಅತ್ಯಂತ ಕಡಿಮೆ ಕೂಲಿ ಹಿಡಿದರೂ ಮೋಟೆಲ್ ವರ್ಷಕ್ಕೆ ಒಂಬತ್ತು ಸಾವಿರ ನಷ್ಟದಲ್ಲಿತ್ತು. ಆ ನಷ್ಟವನ್ನು ತುಂಬುತ್ತಿದ್ದದ್ದು ತಾಯಿಯ ಬೆನ್ನು.

ಪ್ರಕರಣದ ತಿರುವು ಇದೇ. ಹೊರಗೆ ಏನೂ ಬದಲಾಗಿರಲಿಲ್ಲ. ಕಾಗದದ ಮೇಲೆ ಒಂದು ಸಾಲು ಸೇರಿತ್ತು. ಮನೆಯಲ್ಲಿ ದೊಡ್ಡ ಜಗಳವಾಯಿತು. ಮನೆಯವರ ದುಡಿತಕ್ಕೆ ಬೆಲೆ ಕಟ್ಟುವುದು ತಂದೆಗೆ ಅವಮಾನ ಅನ್ನಿಸಿತು. ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿಕೊಂಡು ಬಂದದ್ದನ್ನು ಮಗಳು ನಷ್ಟ ಅಂತಿದ್ದಾಳೆ, ಅಲ್ವಾ!

ಮುಂದೇನು ಅನ್ನುವುದಕ್ಕೆ ಮೂರು ದಾರಿ ಇದ್ದವು. ಮೊದಲನೆಯದು ಮಾರುವುದು. ಕೊಳ್ಳುವವರು ಜಾಗದ ಬೆಲೆಗಿಂತ ಹೆಚ್ಚು ಕೊಡಲು ತಯಾರಿರಲಿಲ್ಲ. ಎರಡನೆಯದು ಫ್ರಾಂಚೈಸ್, ಅಂದರೆ ಒಂದು ಚೈನ್‌ನ ಹೆಸರು ಪಡೆದು ಅವರ ನಿಯಮದಂತೆ ನಡೆಸುವುದು. ಮಗಳ ತಮ್ಮನಿಗೆ ಇದೇ ಬೇಕಿತ್ತು. ಒಂದು ಚೈನ್‌ನವರು ಬಂದು ಅಳೆದು ನೋಡಿ ಹೋದರು. ಗ್ಯಾರೇಜಿನಿಂದಾದ ಏಳು ಕೋಣೆ ಅವರ ಅಳತೆಗೆ ಬರುವುದೇ ಇಲ್ಲ, ಒಡೆದು ಕಟ್ಟಬೇಕು ಅಂದರು. 1950ರ ದಶಕದಲ್ಲಿ ಲಾಭ ತಂದ ಗೋಡೆಗಳು ಈಗ ಬಾಗಿಲು ಮುಚ್ಚಿದವು. ತಮ್ಮ ಸುಮ್ನೆ ಕೂರಲಿಲ್ಲ. ಸಂಬಂಧಿಕರ ಜೊತೆ ಪಾಲುಗಾರಿಕೆ ಮಾಡಿ, ಸಾಲ ತೆಗೆದು, ಎಕ್ಸಿಟ್ ಪಕ್ಕದಲ್ಲೇ ಹೊಸದಾಗಿ ಚೈನ್ ಹೋಟೆಲ್ ಕಟ್ಟಿದ. ಹಳೇ ಮೋಟೆಲ್ ಅಕ್ಕನ ಪಾಲಿಗೆ ಬಂತು. ಮೂರನೆಯ ದಾರಿ ಅವಳದು.

ಅಕ್ಕ ಮಾಡಿದ್ದು

ಮೊದಲ ಕೆಲಸ, ಒಬ್ಬ ಹೆಂಗಸನ್ನು ಸಂಬಳಕ್ಕೆ ಇಟ್ಟುಕೊಂಡಳು. ಬಣ್ಣ ಬಳಿಯುವುದಕ್ಕೂ ಮೊದಲು. ಮೋಟೆಲ್ ಪುನರುಜ್ಜೀವನದ ಕತೆಗಳಲ್ಲಿ ಯಾವಾಗಲೂ ನಿಯಾನ್ ಬೋರ್ಡೇ ಮೊದಲು ಬರುತ್ತದೆ. ಇಲ್ಲಿ ಹಾಗಾಗಲಿಲ್ಲ. ಸಂಬಳ ಕೊಡಲು ಶುರು ಮಾಡಿದ ಮೇಲೆ ಒಂದು ರಾತ್ರಿಗೆ ಒಂದು ಕೋಣೆ ಕೊಡಲು ಎಷ್ಟು ಖರ್ಚು ಅನ್ನುವುದು ಮೊದಲ ಸಲ ಗೊತ್ತಾಯಿತು. ಶುಚಿ ಮಾಡುವ ಕೂಲಿ, ಒಗೆತ, ಕರೆಂಟು, ನೀರು, ಸಾಬೂನು ಸೇರಿ ಸುಮಾರು 11 ಡಾಲರ್. ಅದರ ಮೇಲೆ ವಿಮೆ, ತೆರಿಗೆ, ರಿಪೇರಿ. ತಂದೆ ರಾತ್ರಿ ಒಂಬತ್ತರ ಮೇಲೆ ಬಂದ ಗಿರಾಕಿ ಕೇಳಿದಷ್ಟಕ್ಕೆ ಕೊಡುತ್ತಿದ್ದರು, ಖಾಲಿ ಇರುವುದಕ್ಕಿಂತ ವಾಸಿ ಅಂತ. ಅವಳು ಒಂದು ಕನಿಷ್ಠ ದರ ಇಟ್ಟಳು. ಅದಕ್ಕಿಂತ ಕೆಳಗೆ ಕೇಳಿದರೆ ಕೋಣೆ ಖಾಲಿ ಬಿಡುವುದು.

ವಾರದ ಬಾಡಿಗೆಯವರನ್ನು ಒಮ್ಮೆಗೇ ಹೊರಗೆ ಹಾಕಲಿಲ್ಲ. ಯಾರಾದರೂ ತಾವಾಗೇ ಬಿಟ್ಟರೆ ಆ ಕೋಣೆಯನ್ನು ಮತ್ತೆ ವಾರಕ್ಕೆ ಕೊಡಲಿಲ್ಲ, ಅಷ್ಟೇ. ರಸ್ತೆಗೆ ಕಾಣುವ ಸಾಲು ಮೊದಲು ಖಾಲಿಯಾಗುವಂತೆ, ಒಪ್ಪಿದವರನ್ನು ಹಿಂದಿನ ಸಾಲಿಗೆ ಕಳಿಸಿದಳು. ಐದು ವರ್ಷ ಹಿಡಿಯಿತು. ಆ ವರ್ಷಗಳ ಆದಾಯ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಸಾಲ ಇದ್ದಿದ್ದರೆ ಮೂರನೇ ವರ್ಷಕ್ಕೆ ಬ್ಯಾಂಕ್ ಬಂದು ಬೀಗ ಹಾಕುತ್ತಿತ್ತು. ತಂದೆಯ ಹಠದಿಂದ ಸಾಲ ಇರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು.

ನಿವೃತ್ತ ರೈಲ್ವೆ ಕೆಲಸಗಾರ ಒಬ್ಬರನ್ನು ಮಾತ್ರ ತಿಂಗಳ ಬಾಡಿಗೆಗೆ ಉಳಿಸಿಕೊಂಡಳು. ಯಾಕೆಂದರೆ ಅವಳ ಇನ್ನೊಂದು ತೀರ್ಮಾನಕ್ಕೆ ಅವರು ಬೇಕಿತ್ತು: ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆವರೆಗೆ ಮೋಟೆಲ್ ಮುಚ್ಚುವುದು. ಚಳಿಗಾಲದಲ್ಲಿ ನಾಲ್ಕು ಕೋಣೆಗೋಸ್ಕರ ಎಲ್ಲಾ ಕಡೆ ಹೀಟರ್ ಉರಿಸುವುದು ಬರೀ ನಷ್ಟ. ಆದರೆ ಪೈಪಿನ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಒಬ್ಬರು ಅಲ್ಲಿರಬೇಕು.

ಆಮೇಲೆ ಬೋರ್ಡು. 1999ರಲ್ಲಿ ಅಮೆರಿಕದ ಸಂಸತ್ತು ರೂಟ್ 66ರ ಹಳೆಯ ಕಟ್ಟಡಗಳನ್ನು ಉಳಿಸಲು ಒಂದು ಕಾಯ್ದೆ ಮಾಡಿತು. ನ್ಯಾಷನಲ್ ಪಾರ್ಕ್ ಸರ್ವಿಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಮೂಲಕ ದುರಸ್ತಿಗೆ ಪಾಲು ಹಣ ಸಿಗುವಂತಾಯಿತು. ಅವರು ಹಾಕಿದಷ್ಟನ್ನು ಮಾಲೀಕರೂ ಹಾಕಬೇಕಿತ್ತು. ಬೋರ್ಡಿನ ತಗಡು ಚೆನ್ನಾಗೇ ಇತ್ತು, ಗಾಜಿನ ಕೊಳವೆ ಮುಕ್ಕಾಲು ಪಾಲು ಒಡೆದಿತ್ತು. ಹೊಸ ಕೊಳವೆಯನ್ನು ಬೆಂಕಿಯ ಮೇಲೆ ಕಾಯಿಸಿ, ಹಳೇ ಅಕ್ಷರದ ನಕ್ಷೆಯ ಮೇಲಿಟ್ಟು ಕೈಯಿಂದಲೇ ಬಾಗಿಸುತ್ತಾರೆ. ಬಾಗುವಾಗ ಕೊಳವೆ ಚಪ್ಪಟೆಯಾಗದಂತೆ ರಬ್ಬರ್ ನಳಿಕೆಯಿಂದ ಬಾಯಲ್ಲಿ ಗಾಳಿ ಊದುತ್ತಿರುತ್ತಾರೆ. ಕೆಂಪು ಅಕ್ಷರಕ್ಕೆ ನಿಯಾನ್ ಅನಿಲ, ನೀಲಿಗೆ ಆರ್ಗಾನ್ ಜೊತೆ ಒಂದು ಹನಿ ಪಾದರಸ. ಇದು ಗೊತ್ತಿರುವ ಕುಶಲಕರ್ಮಿಗಳು ಈಗ ಬೆರಳೆಣಿಕೆಯಷ್ಟು, ಕೂಲಿಯೂ ಜಾಸ್ತಿ.

ಅಷ್ಟರಲ್ಲಿ ಹಳೇ ರಸ್ತೆಯನ್ನೇ ಹುಡುಕಿಕೊಂಡು ಜನ ಬರುತ್ತಿದ್ದರು. 1987ರಲ್ಲಿ ಅರಿಜೋನಾದ ಸೆಲಿಗ್‌ಮನ್ ಎಂಬ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ ಮತ್ತು ಸಂಗಡಿಗರು ಕಟ್ಟಿದ ಸಂಘದಿಂದ ಶುರುವಾದ ಗಾಳಿ ಅದು. ಜರ್ಮನಿ, ಫ್ರಾನ್ಸ್ ಕಡೆಯಿಂದ ಬಂದು ಬಾಡಿಗೆ ಮೋಟಾರ್‌ಸೈಕಲ್‌ನಲ್ಲಿ ಹೋಗುವವರು ಬಹಳ. ಅವರು ಬಂದ ಕೂಡಲೇ ಕೇಳುವುದು ಒಂದೇ: ಗಾಡಿ ಒಳಗೆ ನಿಲ್ಲಿಸಲು ಜಾಗ ಇದೆಯಾ? ಅಕ್ಕ ನಾಲ್ಕು ಇಕ್ಕಟ್ಟು ಕೋಣೆಗಳ ಮುಂಗೋಡೆ ಒಡೆಸಿ ಮತ್ತೆ ಗ್ಯಾರೇಜು ಮಾಡಿಸಿದಳು. 16 ಕೋಣೆ 12 ಆಯಿತು. ಇರುವ ಕೋಣೆಯನ್ನು ಕೆಡವುವ ಮಾಲೀಕರು ಎಲ್ಲಿದ್ದಾರೆ ಅಂತ ಊರವರು ನಕ್ಕರು. ಆದರೆ ಗ್ಯಾರೇಜಿರುವ ಕೋಣೆಯ ದರ ಉಳಿದವಕ್ಕಿಂತ ಜಾಸ್ತಿ ಇಡಬಹುದಿತ್ತು, ಅವೇ ಮೊದಲು ಭರ್ತಿಯಾಗುತ್ತಿದ್ದವು. ಶುಚಿ ಮಾಡಬೇಕಾದ ಕೋಣೆಯೂ ನಾಲ್ಕು ಕಡಿಮೆ. ಗಂಟೆ ಲೆಕ್ಕ ಇಡದವರಿಗೆ ಈ ಎರಡನೇ ಲಾಭ ಕಾಣುವುದೇ ಇಲ್ಲ.

ಏನಾಯಿತು

2010ರ ದಶಕದಲ್ಲಿ ಮೋಟೆಲ್ ಎಲ್ಲರಿಗೂ ಸಂಬಳ ಕೊಟ್ಟು, ಅಕ್ಕನಿಗೂ ಸಂಬಳ ಕೊಟ್ಟು, ಮೇಲೆ ಸ್ವಲ್ಪ ಉಳಿಸುತ್ತಿತ್ತು. ಸ್ವಲ್ಪ ಅಂದರೆ ಸ್ವಲ್ಪವೇ. ಯಾರೂ ಶ್ರೀಮಂತರಾಗಲಿಲ್ಲ. 2020ರಲ್ಲಿ ಕೋವಿಡ್ ಬಂದು ವಿದೇಶಿಗರು ಪೂರ್ತಿ ನಿಂತರು, ರಾಜ್ಯ ಸರ್ಕಾರ ಕೋಣೆ ಭರ್ತಿಗೂ ಮಿತಿ ಹಾಕಿತು. ಸಾಲ ಇಲ್ಲದ್ದರಿಂದ ಬಾಗಿಲು ಎಳೆದು ಕಾಯಲು ಆಯಿತು.

2022ರಲ್ಲಿ ಮಾರಿದರು. ಆಗ ದಲ್ಲಾಳಿ ಒಂದು ಸಲಹೆ ಕೊಟ್ಟ: ಮಾಲೀಕರ ಸಂಬಳವನ್ನು ಲಾಭಕ್ಕೆ ಸೇರಿಸಿ ತೋರಿಸಿ, ಬೆಲೆ ಏರುತ್ತದೆ. ಸಣ್ಣ ವ್ಯಾಪಾರಗಳ ಮಾರಾಟದಲ್ಲಿ ಇದು ರೂಢಿಯೇ, ಮೋಸವಲ್ಲ. ಅವಳು ಸಂಬಳ ಸೇರಿಸಿದ ಲಾಭ, ಸಂಬಳ ಕಳೆದ ಲಾಭ ಎರಡೂ ಅಂಕಣ ಅಕ್ಕಪಕ್ಕ ಇಟ್ಟು ಕೊಟ್ಟಳು. ಮೊದಲು ಬಂದವರು ಎರಡನೆಯದನ್ನು ನೋಡಿ ವಾಪಸು ಹೋದರು. ಆಮೇಲೆ ಬಂದ ದಂಪತಿ ಅದನ್ನು ನೋಡಿಯೇ ಕೊಂಡರು. ಇಬ್ಬರು ಕೆಲಸದವರನ್ನು ಇಟ್ಟುಕೊಂಡೂ ನಡೆಸಬಹುದು ಅನ್ನುವುದು ಅವರಿಗೆ ಬೇಕಾಗಿತ್ತು.

ಅಕ್ಕ ಗೆದ್ದಳು, ತಮ್ಮ ಸೋತ ಅಂತ ಓದಬೇಡಿ. ದುಡ್ಡಿನ ಲೆಕ್ಕದಲ್ಲಿ ತಮ್ಮನೇ ಬಹಳ ಮುಂದಿದ್ದಾನೆ. ಅವನ ಹೋಟೆಲಿನ ಬೆಲೆ ಹಳೇ ಮೋಟೆಲಿನ ಎಷ್ಟೋ ಪಟ್ಟು. 2020ರಲ್ಲಿ ಅವನು ಸಾಲದ ಕಂತಿಗೆ ಒದ್ದಾಡಿದ್ದೂ ನಿಜ, ಸರ್ಕಾರದ ನೆರವಿನಿಂದ ದಾಟಿದ್ದೂ ನಿಜ. ಸಾಲಕ್ಕೆ ಹೆದರದವರಿಗೆ ಎಕ್ಸಿಟ್ ಪಕ್ಕದ ಜಾಗವೇ ಸರಿ. ಇಂಥ ಹಳೇ ಕಟ್ಟಡ ಕೈಯಲ್ಲಿರುವವರು ಗಮನಿಸಬೇಕಾದದ್ದು ಬೇರೆ. ವಾರದ ಬಾಡಿಗೆಗೆ ಇಳಿದಾಗ ಈ ಕುಟುಂಬ ಬಾಡಿಗೆಯ ಮೊತ್ತವನ್ನು ಮಾತ್ರ ಹೋಲಿಸಿತು, 560ಕ್ಕೆ 750. ವಾಪಸು ಬರುವ ದಾರಿಗೆ ಎಷ್ಟು ಖರ್ಚು ಅಂತ ಯಾರೂ ಕೇಳಲಿಲ್ಲ. ಐದು ವರ್ಷದ ಕಡಿಮೆ ಆದಾಯವೇ ಆ ಖರ್ಚು.

ತಂದೆ ಮಾತ್ರ ಇಂದಿಗೂ ಒಪ್ಪಿಲ್ಲ. ನಮ್ಮ ಗಂಟೆಗಳಿಗೆ ಬೆಲೆ ಕಟ್ಟಿದ್ದರೆ 1976ರಲ್ಲಿ ಕೊಳ್ಳುತ್ತಲೇ ಇರಲಿಲ್ಲ, ನಿನ್ನ ಕಾಲೇಜು ಫೀಸೂ ಇರುತ್ತಿರಲಿಲ್ಲ ಅನ್ನುತ್ತಾರೆ. ಅದು ಸರಿಯಾದ ಮಾತು. ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಸಂಬಳವಿಲ್ಲದ ದುಡಿತವೇ ಬಂಡವಾಳ. ಮಗಳೂ ಅದನ್ನು ಅಲ್ಲಗಳೆಯುವುದಿಲ್ಲ. ಅವಳ ತಕರಾರು 1991ರ ಬಗ್ಗೆ. ಕೊನೆಯ ಕಂತು ಕಟ್ಟಿ ಆಸ್ತಿಪತ್ರ ಮನೆಗೆ ಬಂದ ಮರುದಿನವೇ ತಾಯಿಗೆ ಸಂಬಳ ಶುರುವಾಗಬೇಕಿತ್ತು ಅನ್ನುತ್ತಾಳೆ. ಆಗ ಕನಿಷ್ಠ ವೇತನ ಗಂಟೆಗೆ 4.25 ಡಾಲರ್ ಇತ್ತು. 1998ರವರೆಗಿನ ಮೊತ್ತವನ್ನು ಅವಳು ಲೆಕ್ಕ ಹಾಕಿ ಇಟ್ಟಿದ್ದಾಳೆ. ಮೋಟೆಲ್ ಮಾರಿದ ದುಡ್ಡಿನಲ್ಲಿ ಅಷ್ಟನ್ನು ಬೇರೆ ತೆಗೆದು ತಾಯಿಯ ಹೆಸರಿಗೆ ಹಾಕಿದಳು.